ಹಿಮ್ಮಡಿಯ ಹಿಂದೊಂದು ಪುಟ್ಟ ಸಂಚಿ: ಪಾದದ ಬರ್ಸೈಟಿಸ್ ಮತ್ತು ಅದರ ಚಿಕಿತ್ಸೆ

ಕನ್ನಡದಲ್ಲಿ ಚಪ್ಪಲಿಗೆ ಹಲ್ಲಿದೆ, ಅದು ಕಚ್ಚುತ್ತದೆ. ಜೂನ್ ತಿಂಗಳ ಮೊದಲ ವಾರದಲ್ಲಿ ಯಾವುದಾದರೂ ಶಾಲೆಯ ಗೇಟಿನ ಬಳಿ ನಿಂತರೆ, ಹೊಸ ಕಪ್ಪು ಶೂ ತೊಟ್ಟ ಮಕ್ಕಳಲ್ಲಿ ಒಂದಿಬ್ಬರಾದರೂ ಹಿಮ್ಮಡಿಯನ್ನು ಅರ್ಧ ಹೊರಗೆಳೆದುಕೊಂಡು, ಶೂವಿನ ಹಿಂಬದಿಯನ್ನು ತುಳಿದುಕೊಂಡೇ ನಡೆಯುತ್ತಿರುವುದು ಕಾಣುತ್ತದೆ. ಆ ಗಾಯ ಚರ್ಮದ ಮೇಲಿನದು. ಗುಳ್ಳೆ ಒಡೆದು, ಒಣಗಿ, ವಾರದೊಳಗೆ ಮಾಯುತ್ತದೆ. ಆದರೆ ಪೊಲೀಸ್ ಅಥವಾ ಸೇನಾ ಭರ್ತಿಗಾಗಿ ನಸುಕಿನಲ್ಲಿ ಡಾಂಬರು ರಸ್ತೆಯ ಮೇಲೆ 1600 ಮೀಟರ್ ಓಟದ ಅಭ್ಯಾಸಕ್ಕಿಳಿಯುವ ಹುಡುಗರಲ್ಲಿ, ಸಕ್ಕರೆ ಕಾಯಿಲೆ ಪತ್ತೆಯಾದ ಮರುದಿನವೇ ಹೊಸ ಶೂ ಕೊಂಡು ಉದ್ಯಾನ ಸುತ್ತಲು ಹೊರಡುವ ಮಧ್ಯವಯಸ್ಕರಲ್ಲಿ, ದಿನಕ್ಕೆ ಎಂಟು ಗಂಟೆ ನಿಂತೇ ದುಡಿಯುವವರಲ್ಲಿ ಇನ್ನೊಂದು ಬಗೆಯ ನೋವು ಕಾಣಿಸಿಕೊಳ್ಳುತ್ತದೆ. ಚರ್ಮದ ಮೇಲೆ ಗಾಯವೇ ಇರುವುದಿಲ್ಲ. ಹಿಮ್ಮಡಿಯ ಹಿಂಭಾಗ ಮಾತ್ರ ತುಸು ಊದಿ, ಮುಟ್ಟಿದರೆ ಬೆಚ್ಚಗಿದ್ದು, ವಾರಗಳು ಕಳೆದರೂ ಕಡಿಮೆಯಾಗುವುದಿಲ್ಲ. ವೈದ್ಯರ ಬಳಿ ಹೋದರೆ ಚೀಟಿಯಲ್ಲಿ ‘ಬರ್ಸೈಟಿಸ್’ ಎಂಬ ಪದ ಬರೆದು ಕೊಡುತ್ತಾರೆ.

ಕೇಳಿದವರಿಗೆ ಈ ಹೆಸರು ಹೊಸದಾಗಿ, ಸ್ವಲ್ಪ ಭಯ ಹುಟ್ಟಿಸುವಂತೆಯೂ ಇರುತ್ತದೆ. ಅದು ಮೂಳೆ ಸವೆತವೇ, ಸಂಧಿವಾತವೇ, ಜೀವನಪರ್ಯಂತ ಉಳಿಯುವ ಕಾಯಿಲೆಯೇ ಎಂಬ ಪ್ರಶ್ನೆಗಳು ಏಳುತ್ತವೆ. ಬಹುಪಾಲು ಸಂದರ್ಭಗಳಲ್ಲಿ ಇದು ಇವು ಮೂರೂ ಅಲ್ಲ.

ಬರ್ಸಾ ಎಂದರೇನು?

ಲ್ಯಾಟಿನ್ ಭಾಷೆಯಲ್ಲಿ ಬರ್ಸಾ ಎಂದರೆ ಚೀಲ, ಸಂಚಿ. ನಾವು ದಿನವೂ ಬಳಸುವ ‘ಪರ್ಸ್’ ಎಂಬ ಮಾತೂ ಅದೇ ಬೇರಿನಿಂದ ಬಂದದ್ದು. ಅಜ್ಜಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಯಡಿಕೆ ಸಂಚಿಯನ್ನು ನೆನಪಿಸಿಕೊಂಡರೆ ಬರ್ಸಾದ ಸ್ವಭಾವ ಅರ್ಧ ಅರ್ಥವಾದಂತೆ. ಖಾಲಿ ಇದ್ದಾಗ ಅದು ಸೀರೆಯ ಮಡಿಕೆಯೊಳಗೆ ಇದೆಯೋ ಇಲ್ಲವೋ ತಿಳಿಯದು; ತುಂಬಿದಾಗ ಕುಳಿತಲ್ಲೆಲ್ಲ ಒತ್ತುತ್ತದೆ.

ದೇಹದೊಳಗಿನ ಈ ಸಂಚಿಗಳು ತೆಳುಪೊರೆಯಿಂದಾದವು. ಒಳಗೆ ಇರುವುದು ಕೀಲುಗಳಲ್ಲಿ ಇರುವಂಥದೇ ಲೋಳೆಯಾದ ದ್ರವ, ಅದೂ ಪೊರೆ ಒದ್ದೆಯಾಗುವಷ್ಟು ಮಾತ್ರ. ಅದರ ಕೆಲಸವನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಖಾಲಿಯಾದ ಹಾಲಿನ ಪ್ಯಾಕೆಟ್ಟಿನ ಒಂದು ತುಂಡನ್ನು ತೊಳೆದು, ಒರೆಸಿ, ಮಡಚಿ, ಮಡಿಕೆಯ ಒಳಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಿಡಿದು ಉಜ್ಜಬೇಕು. ಬೆರಳುಗಳು ಪ್ಲಾಸ್ಟಿಕ್ಕಿಗೆ ಅಂಟಿಕೊಂಡೇ ಇರುತ್ತವೆ, ಆದರೂ ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ, ಏಕೆಂದರೆ ಜಾರುವಿಕೆ ನಡೆಯುವುದು ಮಡಿಕೆಯ ಒಳಗೆ. ಮೂಳೆಯ ಮೇಲೆ ಸ್ನಾಯುರಜ್ಜು ಹಾದುಹೋಗುವ ಕಡೆ, ಗಟ್ಟಿಮೂಳೆಯ ಮೇಲೆ ಚರ್ಮ ಓಡಾಡುವ ಕಡೆ ಬರ್ಸಾ ಮಾಡುವುದು ಇದನ್ನೇ. ಸ್ನಾಯುರಜ್ಜು ಎಂದರೆ ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಹಗ್ಗದಂಥ ನಾರು.

ಇಂಥ ಸಂಚಿಗಳು ನಮ್ಮ ಮೈಯಲ್ಲಿ ಸುಮಾರು 150 ಇವೆ ಎಂದು ಹೇಳುತ್ತಾರೆ. ನಿಖರವಾದ ಲೆಕ್ಕ ಕಷ್ಟ, ಏಕೆಂದರೆ ಅವುಗಳಲ್ಲಿ ಕೆಲವು ಹುಟ್ಟಿನಿಂದ ಬಂದವು, ಕೆಲವು ಬದುಕಿನಿಂದ ಬಂದವು. ಗುದ್ದಲಿ ಹಿಡಿದ ಅಂಗೈಯಲ್ಲಿ ಜಡ್ಡುಗಟ್ಟುವಂತೆಯೇ, ಒಂದೇ ಜಾಗದಲ್ಲಿ ವರ್ಷಗಟ್ಟಲೆ ಒತ್ತಡ ಬಿದ್ದರೆ ಚರ್ಮದ ಕೆಳಗೆ ದೇಹ ಹೊಸದೊಂದು ಸಂಚಿಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಮೊಣಕಾಲೂರಿ ನೆಲ ಉಜ್ಜುವವರಿಗೆ ಮೊಣಕಾಲಿನಲ್ಲಿ, ಮೇಜಿಗೆ ಮೊಣಕೈ ಊರಿ ಓದುವವರಿಗೆ ಮೊಣಕೈಯಲ್ಲಿ, ಹಲಗೆಯ ಮೇಲೆ ಕುಳಿತು ನೇಯುವವರಿಗೆ ಕುಂಡೆಯ ಮೂಳೆಯಲ್ಲಿ ಬರುವ ಬರ್ಸೈಟಿಸ್‌ಗೆ ಇಂಗ್ಲಿಷಿನ ಹಳೆಯ ವೈದ್ಯರು ಆಯಾ ಕಸುಬಿನ ಹೆಸರನ್ನೇ ಇಟ್ಟಿದ್ದರು.

ಸಂಚಿ ಊದಿಕೊಳ್ಳುವುದು ಏಕೆ?

‘ಐಟಿಸ್’ ಎಂದು ಕೊನೆಗೊಳ್ಳುವ ರೋಗನಾಮಗಳೆಲ್ಲ ಉರಿಯೂತವನ್ನು ಸೂಚಿಸುತ್ತವೆ. ಉರಿಯೂತವೆಂದರೆ ಪೆಟ್ಟಿಗೆ, ಒತ್ತಡಕ್ಕೆ ಅಥವಾ ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ. ಕೆಂಪಾಗುವುದು, ಬಿಸಿಯಾಗುವುದು, ಊದುವುದು ಮತ್ತು ನೋಯುವುದು ಅದರ ನಾಲ್ಕು ಗುರುತುಗಳು. ಬರ್ಸಾದ ಪೊರೆಗೆ ಮತ್ತೆ ಮತ್ತೆ ಉಜ್ಜುವಿಕೆ ತಗುಲಿದಾಗ ಅದು ದಪ್ಪಗಾಗಿ ಹೆಚ್ಚು ದ್ರವವನ್ನು ಸ್ರವಿಸುತ್ತದೆ. ಎರಡು ಹನಿ ಇರಬೇಕಾದಲ್ಲಿ ಚಮಚ ತುಂಬುವಷ್ಟು ದ್ರವ ಸೇರಿದರೆ, ಜಾರಲು ನೆರವಾಗುತ್ತಿದ್ದ ಸಂಚಿಯೇ ಉಬ್ಬಿ ಅಡ್ಡಿಯಾಗುತ್ತದೆ. ಉಬ್ಬಿದ್ದರಿಂದ ಇನ್ನಷ್ಟು ಉಜ್ಜುವಿಕೆ, ಉಜ್ಜಿದ್ದರಿಂದ ಇನ್ನಷ್ಟು ಉಬ್ಬು. ಈ ಸುತ್ತು ತುಂಡಾಗದ ಹೊರತು ನೋವು ಹೋಗದು. ಆದ್ದರಿಂದ ಬರ್ಸೈಟಿಸ್‌ನ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಯಾವ ಮಾತ್ರೆ ಎಂಬುದಲ್ಲ, ಏನು ಉಜ್ಜುತ್ತಿದೆ ಎಂಬುದು. ಸಂಚಿ ಬರೀ ದೂರು ಕೊಡುತ್ತಿದೆ. ತಪ್ಪು ಬೇರೆಲ್ಲೋ ಇದೆ.

ಉಜ್ಜುವಿಕೆಯ ಹೊರತಾಗಿಯೂ ಕಾರಣಗಳಿವೆ. ಯೂರಿಕ್ ಆಮ್ಲದ ಹರಳುಗಳು ಸೇರಿ ಗೌಟ್ ಆದಾಗ, ರುಮಟಾಯ್ಡ್ ಸಂಧಿವಾತದಲ್ಲಿ, ಬೆನ್ನುಮೂಳೆಯನ್ನು ಬಿಗಿಗೊಳಿಸುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಂಥ ಕಾಯಿಲೆಗಳಲ್ಲಿ ಬರ್ಸಾ ತಾನಾಗಿಯೇ ಊದಬಹುದು. ಚರ್ಮ ಬಿರಿದ ಕಡೆಯಿಂದ ಬ್ಯಾಕ್ಟೀರಿಯಾ ಒಳಹೊಕ್ಕು ಕೀವಾಗಲೂಬಹುದು. ಇವು ವಿರಳ, ಆದರೆ ಮರೆಯುವಂಥವಲ್ಲ.

ಪಾದದಲ್ಲಿ ಎಲ್ಲೆಲ್ಲಿ?

ಮನುಷ್ಯನ ಒಂದು ಪಾದದಲ್ಲಿ 26 ಮೂಳೆಗಳಿವೆ. ಇಷ್ಟು ಮೂಳೆ, ಅದರ ಮೇಲೆ ಇಡೀ ದೇಹದ ಭಾರ, ಸುತ್ತ ಗಟ್ಟಿ ಚರ್ಮದ ಶೂ ಎಂದ ಮೇಲೆ ಉಜ್ಜುವಿಕೆಗೆ ಜಾಗಗಳ ಕೊರತೆಯಿಲ್ಲ. ಆದರೂ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಹಿಮ್ಮಡಿಯ ಹಿಂಭಾಗ.

ಮೀನಖಂಡದ ಕೆಳತುದಿಯಿಂದ ಹಿಮ್ಮಡಿಗೆ ಇಳಿಯುವ ಗಟ್ಟಿ ಹುರಿಯನ್ನು ಬೆರಳಿನಿಂದ ಹಿಡಿದು ನೋಡಬಹುದು. ಇದು ಅಕಿಲಿಸ್ ಸ್ನಾಯುರಜ್ಜು, ದೇಹದಲ್ಲೇ ಅತ್ಯಂತ ದಪ್ಪನೆಯದು. ಓಡುವಾಗ ಇದರ ಮೇಲೆ ದೇಹದ ತೂಕದ ಹಲವು ಪಟ್ಟು ಸೆಳೆತ ಬೀಳುತ್ತದೆ. ಈ ಹುರಿ ಹಿಮ್ಮಡಿ ಮೂಳೆಯ ಮೇಲಂಚಿಗೆ ಅಂಟಿಕೊಳ್ಳುವುದಿಲ್ಲ. ಅಂಚನ್ನು ದಾಟಿ ಕೆಳಗಿಳಿದು ಮೂಳೆಯ ಹಿಂಬದಿಯ ನಡುಭಾಗದಲ್ಲಿ ಬೇರೂರುತ್ತದೆ. ರಾಟೆಯಿಲ್ಲದ ಬಾವಿಯಿಂದ ನೀರು ಸೇದುವಾಗ ಹಗ್ಗವು ಕಟ್ಟೆಯ ಕಲ್ಲಿನ ಅಂಚಿಗೆ ಉಜ್ಜುತ್ತದೆಯಲ್ಲ, ಹಾಗೆಯೇ ಇಲ್ಲಿ ಹುರಿಯು ಮೂಳೆಯ ಮೇಲ್ಮೂಲೆಗೆ ಒರಗಿ ಏರಿಳಿಯುತ್ತದೆ. ಹಳೆಯ ಬಾವಿಗಳ ಕಲ್ಲಿನಲ್ಲಿ ಹಗ್ಗ ಕೊರೆದ ಗೀರುಗಳನ್ನು ಕಂಡವರಿಗೆ ಈ ಉಜ್ಜುವಿಕೆಯ ಬಲ ಗೊತ್ತು. ಹಿಮ್ಮಡಿಯಲ್ಲಿ ಅಂಥ ಗೀರು ಬೀಳದಂತೆ ತಡೆಯಲು ಹುರಿಗೂ ಮೂಳೆಗೂ ನಡುವೆ ಕುದುರೆಲಾಳದ ಆಕಾರದ ಒಂದು ಬರ್ಸಾ ಇದೆ. ಅದರ ಹೆಸರು ರೆಟ್ರೋಕ್ಯಾಲ್ಕೇನಿಯಲ್ ಬರ್ಸಾ. ಇದು ಎಲ್ಲರಿಗೂ ಹುಟ್ಟಿನಿಂದಲೇ ಬಂದದ್ದು. ಪಾದವನ್ನು ಮೇಲಕ್ಕೆ ಮಡಚಿದಷ್ಟೂ, ಎಂದರೆ ಬೆರಳುಗಳು ಮೊಣಕಾಲಿನ ಕಡೆಗೆ ಬಂದಷ್ಟೂ, ಮೂಳೆಯ ಮೂಲೆ ಈ ಸಂಚಿಯನ್ನು ಹುರಿಗೆ ಒತ್ತುತ್ತದೆ. ಆದ್ದರಿಂದಲೇ ಇದು ಊದಿದವರಿಗೆ ಏರು ಹತ್ತುವುದು ಸಮತಟ್ಟಾದ ದಾರಿಯಲ್ಲಿ ನಡೆಯುವುದಕ್ಕಿಂತ ಹೆಚ್ಚು ನೋವು ಕೊಡುತ್ತದೆ.

ಅದೇ ಹುರಿಯ ಹೊರಮೈಗೂ ಚರ್ಮಕ್ಕೂ ನಡುವೆ ಇನ್ನೊಂದು ಸಂಚಿ ಬೆಳೆಯಬಹುದು. ಇದು ಹೆಚ್ಚಾಗಿ ಶೂವಿನ ಕೊಡುಗೆ. ಶೂವಿನ ಹಿಂಬದಿಯಲ್ಲಿ, ಬಟ್ಟೆ ಅಥವಾ ಚರ್ಮದ ಪದರಗಳ ನಡುವೆ, ಆಕಾರ ಕೆಡದಿರಲೆಂದು ಒಂದು ಗಟ್ಟಿ ಹಲಗೆಯಂಥ ತುಂಡನ್ನು ಕೂರಿಸಿರುತ್ತಾರೆ. ಅದರ ಮೇಲಂಚು ಹಿಮ್ಮಡಿಯ ಉಬ್ಬಿಗೆ ನೇರವಾಗಿ ಬಂದು ಕುಳಿತರೆ ಪ್ರತಿ ಹೆಜ್ಜೆಗೂ ಅದೇ ಜಾಗಕ್ಕೆ ಒಂದು ಉಜ್ಜು. ಕೆಲವರಿಗೆ ಹಿಮ್ಮಡಿ ಮೂಳೆಯ ಮೇಲ್ಮೂಲೆ ಸಹಜವಾಗಿಯೇ ಹೊರಚಾಚಿರುತ್ತದೆ. ಸ್ವೀಡನ್ನಿನ ಮೂಳೆವೈದ್ಯ ಪ್ಯಾಟ್ರಿಕ್ ಹಾಗ್ಲುಂಡ್ 1928ರಲ್ಲಿ ಇದನ್ನು ವಿವರಿಸಿದ್ದರಿಂದ ಆ ಉಬ್ಬಿಗೆ ಇಂದಿಗೂ ಅವರದೇ ಹೆಸರು. ಅಂಥವರ ಪಾದಕ್ಕೆ ಗಟ್ಟಿ ಹಿಂಬದಿಯ ಶೂ ಕೂಡಿಬರುವುದೇ ಕಷ್ಟ. ಹಿಂಬದಿಯೇ ಇಲ್ಲದ ಚಪ್ಪಲಿ ಅವರಿಗೆ ಹಿತ. ಅಥಣಿ, ನಿಪ್ಪಾಣಿಯ ಕಡೆ ಕೈಯಲ್ಲಿ ಹೊಲಿಯುವ, 2019ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರದ ಜಿಲ್ಲೆಗಳಿಗೆ ಒಟ್ಟಾಗಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯಲ್ಲಿ ಹಿಮ್ಮಡಿಯ ಹಿಂಭಾಗಕ್ಕೆ ತಾಗುವುದು ಏನೂ ಇಲ್ಲ. ಆದರೆ ಅದರ ಅಟ್ಟೆ ಚಪ್ಪಟೆ ಮತ್ತು ಗಟ್ಟಿ. ಹಿಮ್ಮಡಿಯ ಹಿಂದೆ ನೋಯುವವರಿಗೆ ಹೊಂದುವ ಪಾದರಕ್ಷೆ ಹಿಮ್ಮಡಿಯ ಕೆಳಗೆ ನೋಯುವವರಿಗೂ ಹೊಂದಬೇಕೆಂದಿಲ್ಲ.

ಹಿಮ್ಮಡಿಯ ಕೆಳಗೆ, ಚರ್ಮದಡಿಯ ಕೊಬ್ಬಿನ ಮೆತ್ತೆಯ ಬಳಿಯೂ ಬರ್ಸಾ ಬೆಳೆದು ಊದಬಹುದು. ವಯಸ್ಸಾದಂತೆ ಈ ಮೆತ್ತೆ ತೆಳುವಾಗುತ್ತದೆ. ಗ್ರಾನೈಟ್ ಅಥವಾ ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ದಿನವಿಡೀ ಓಡಾಡುವವರಿಗೆ ಇದರ ಅನುಭವ ಹೆಚ್ಚು.

ಮುಂಗಾಲಿನಲ್ಲಿ, ಬೆರಳುಗಳ ಬುಡದ ಮೂಳೆಗಳ ನಡುವೆ ಪುಟ್ಟ ಸಂಚಿಗಳಿವೆ. ಅವು ಊದಿದಾಗ ಚಪ್ಪಲಿಯೊಳಗೆ ಹರಳುಕಲ್ಲು ಸಿಕ್ಕಿಕೊಂಡಂತೆ ಅನ್ನಿಸುತ್ತದೆ, ಕೊಡವಿದರೆ ಏನೂ ಬೀಳುವುದಿಲ್ಲ. ಮೊನಚು ಮೂತಿಯ, ಎತ್ತರದ ಹಿಮ್ಮಡಿಯ ಪಾದರಕ್ಷೆಗಳಲ್ಲಿ ಭಾರವೆಲ್ಲ ಮುಂಗಾಲಿಗೆ ಬಂದು ಬೆರಳುಗಳು ಇಕ್ಕಟ್ಟಾಗುವುದು ಇದಕ್ಕೆ ದಾರಿ. ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ವಾಲಿ ಅದರ ಬುಡದ ಕೀಲು ಹೊರಗೆ ಚಾಚಿದಾಗಲೂ ಆ ಉಬ್ಬಿನ ಮೇಲೆ ಬರ್ಸಾ ಕಟ್ಟಿಕೊಳ್ಳುತ್ತದೆ. ಈ ಉಬ್ಬನ್ನು ವೈದ್ಯರು ಬನಿಯನ್ ಎನ್ನುತ್ತಾರೆ. ನಾವು ತೊಡುವ ಬನಿಯನ್ನಿಗೂ ಇದಕ್ಕೂ ನಂಟಿಲ್ಲ, ಆದರೂ ಚೀಟಿ ಓದಿ ಗೊಂದಲಪಟ್ಟವರಿರಬಹುದು.

ನೆಲದ ಮೇಲೆ ಕೂರುವವರ ಸಂಚಿ

ಚಕ್ಕಳಮಕ್ಕಳ ಹಾಕಿ ಕುಳಿತು ನೋಡಿ: ಪಾದದ ಹೊರಅಂಚು ಮತ್ತು ಹೊರಬದಿಯ ಕಾಲಿನ ಗಿಣ್ಣು ನೇರವಾಗಿ ನೆಲಕ್ಕೆ ಒತ್ತಿರುತ್ತವೆ. ನಮ್ಮ ಹಿರಿಯರಲ್ಲಿ ಬಹಳಷ್ಟು ಜನರ ಗಿಣ್ಣಿನ ಮೇಲೆ ಕಪ್ಪಾಗಿ, ದಪ್ಪವಾಗಿ, ಒರಟಾಗಿರುವ ಚರ್ಮದ ಬಿಲ್ಲೆಯೊಂದು ಇರುತ್ತದೆ. ಅದು ದಶಕಗಳ ಕುಳಿತ ಲೆಕ್ಕ. ಆ ಬಿಲ್ಲೆಯ ಕೆಳಗೆ ಹಲವರಿಗೆ ಬರ್ಸಾ ಬೆಳೆದಿರುತ್ತದೆ. ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸರು, ನೆಲದ ಮೇಲೆ ಕುಳಿತು ಕಸೂತಿ ಹಾಕುವವರು, ಗಂಟೆಗಟ್ಟಲೆ ಜಮಖಾನದ ಮೇಲೆ ಕುಳಿತು ಹಾಡುವವರು ಮತ್ತು ನುಡಿಸುವವರು ಈ ಒತ್ತಡಕ್ಕೆ ಒಳಗಾಗುವವರೇ. ಇಂಗ್ಲಿಷಿನಲ್ಲಿ ಕಿರುಬೆರಳಿನ ಬುಡದ ಉಬ್ಬಿಗೆ ದರ್ಜಿಯ ಹೆಸರು ಅಂಟಿರುವುದೂ ಇದೇ ಕಾರಣಕ್ಕೆ. ಹಿಂದೆ ಅಲ್ಲಿನ ದರ್ಜಿಗಳೂ ಕಾಲು ಮಡಚಿ ಕುಳಿತೇ ಹೊಲಿಯುತ್ತಿದ್ದರು.

ಗಿಣ್ಣಿನ ಬರ್ಸಾದ ವಿಶೇಷವೆಂದರೆ, ನಿಂಬೆಹಣ್ಣಿನ ಗಾತ್ರಕ್ಕೆ ಊದಿದರೂ ಅದು ಅನೇಕ ವೇಳೆ ನೋಯುವುದಿಲ್ಲ. ನೋಡಿದವರು ಗಡ್ಡೆಯೆಂದು ಹೆದರುತ್ತಾರೆ. ಒತ್ತಿದರೆ ನೀರು ತುಂಬಿದ ಬಲೂನಿನಂತೆ ಅದು ಆಚೀಚೆ ಸರಿಯುತ್ತದೆ. ಕೂರುವ ಭಂಗಿ ಬದಲಿಸಿ, ಗಿಣ್ಣಿನ ಕೆಳಗೆ ಮಡಿಸಿದ ಟವೆಲನ್ನೋ ಮೆತ್ತನೆಯ ದಿಂಬನ್ನೋ ಇಟ್ಟುಕೊಂಡರೆ ಅನೇಕರಲ್ಲಿ ಇಳಿದುಹೋಗುತ್ತದೆ. ಹಾಗೆಂದು ಯಾವ ಉಬ್ಬನ್ನೂ ವೈದ್ಯರಿಗೆ ಒಮ್ಮೆ ತೋರಿಸದೆ ಬರ್ಸಾ ಎಂದು ತೀರ್ಮಾನಿಸಬಾರದು.

ಬರ್ಸೈಟಿಸ್‌ನಂತೆಯೇ ಕಾಣುವ ನೋವುಗಳು

ಹಿಮ್ಮಡಿ ನೋವೆಲ್ಲ ಬರ್ಸೈಟಿಸ್ ಅಲ್ಲ. ನಿಜ ಹೇಳಬೇಕೆಂದರೆ ಹಿಮ್ಮಡಿ ನೋವಿಗೆ ಅತಿ ಸಾಮಾನ್ಯ ಕಾರಣ ಬೇರೆಯೇ ಇದೆ. ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಊರಿದಾಗ ಹಿಮ್ಮಡಿಯ ಕೆಳಗೆ ಮೊಳೆ ಹೊಡೆದಂತೆ ನೋವಾಗಿ, ನಾಲ್ಕಾರು ನಿಮಿಷ ನಡೆದ ಮೇಲೆ ಕಡಿಮೆಯಾದರೆ ಅದು ಬಹುತೇಕ ಅಂಗಾಲಿನ ಪಟ್ಟಿಯ ತೊಂದರೆ, ಎಂದರೆ ಪ್ಲಾಂಟರ್ ಫೇಶಿಯೈಟಿಸ್. ಹಿಮ್ಮಡಿಯಿಂದ ಎರಡು ಮೂರು ಬೆರಳಗಲ ಮೇಲೆ, ಹುರಿಯ ನಡುವಿನಲ್ಲೇ ದಪ್ಪಗಾಗಿ ನೋಯುತ್ತಿದ್ದರೆ ಅದು ಸ್ನಾಯುರಜ್ಜಿನದೇ ಸವೆತ. ಬರ್ಸಾದ ನೋವು ಇರುವುದು ಅದಕ್ಕಿಂತ ಕೆಳಗೆ, ಹುರಿ ಮೂಳೆಯನ್ನು ಸೇರುವುದಕ್ಕೆ ತುಸು ಮೇಲೆ. ಹುರಿಯ ಎರಡೂ ಪಕ್ಕಗಳಲ್ಲಿ ಸಾಮಾನ್ಯವಾಗಿ ಕಾಣುವ ತಗ್ಗುಗಳು ತುಂಬಿಕೊಂಡು ಉಬ್ಬಿರುತ್ತವೆ. ಕನ್ನಡಿಗೆ ಬೆನ್ನು ಮಾಡಿ ನಿಂತು ಎರಡೂ ಹಿಮ್ಮಡಿಗಳನ್ನು ಹೋಲಿಸಿ ನೋಡಿದರೆ ಈ ವ್ಯತ್ಯಾಸ ಕಣ್ಣಿಗೇ ಬೀಳುತ್ತದೆ.

ಸುಮಾರು 8ರಿಂದ 14ರ ವಯಸ್ಸಿನ, ಆಟದಲ್ಲಿ ಚುರುಕಾದ ಮಕ್ಕಳಿಗೆ ಹಿಮ್ಮಡಿ ನೋವು ಬಂದರೆ ಮೊದಲು ಅನುಮಾನಿಸಬೇಕಾದದ್ದು ಬೆಳೆಯುವ ಮೂಳೆಯ ತುದಿಯ ಉರಿಯೂತವನ್ನು. ಅದಕ್ಕೆ ಸೀವರ್ಸ್ ಕಾಯಿಲೆ ಎಂಬ ಹೆಸರಿದ್ದರೂ ಬೆಳವಣಿಗೆ ಮುಗಿದಂತೆ ಅದು ತಾನಾಗಿ ಹೋಗುತ್ತದೆ. ಇನ್ನು ಆಡುತ್ತಿರುವಾಗಲೋ ಓಡುತ್ತಿರುವಾಗಲೋ ಹಿಂದಿನಿಂದ ಯಾರೋ ಒದ್ದಂತಾಗಿ, ‘ಟಪ್’ ಎಂಬ ಸದ್ದು ಕೇಳಿಸಿ, ಆಮೇಲೆ ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಅದು ಅಕಿಲಿಸ್ ಹುರಿ ಹರಿದಿರುವ ಲಕ್ಷಣ. ಅದಕ್ಕೆ ಐಸ್ ಇಟ್ಟು ಕಾಯುವಂತಿಲ್ಲ; ಅಂದೇ ಆಸ್ಪತ್ರೆ ಸೇರಬೇಕು.

ಎರಡೂ ಹಿಮ್ಮಡಿಗಳು ಒಟ್ಟಿಗೆ ಊದಿ, ಬೆಳಗಿನ ಬಿಗಿತ ಅರ್ಧ ಗಂಟೆಗೂ ಮೀರಿ ಉಳಿದು, ಜೊತೆಗೆ ಸೊಂಟ ಅಥವಾ ಬೇರೆ ಕೀಲುಗಳೂ ನೋಯುತ್ತಿದ್ದರೆ ವಿಷಯ ಪಾದದ್ದಷ್ಟೇ ಅಲ್ಲ. ವಿಶೇಷವಾಗಿ ನಲವತ್ತರೊಳಗಿನವರು ಇದನ್ನು ಶೂವಿನ ತಲೆಗೆ ಕಟ್ಟದೆ ಸಂಧಿವಾತದ ತಜ್ಞರನ್ನು ಕಾಣುವುದು ಒಳ್ಳೆಯದು.

ವೈದ್ಯರು ಹೇಗೆ ಪತ್ತೆಹಚ್ಚುತ್ತಾರೆ?

ಹೆಚ್ಚಿನ ಪತ್ತೆಕಾರ್ಯ ಬೆರಳುಗಳಿಂದಲೇ ನಡೆಯುತ್ತದೆ. ವೈದ್ಯರು ಹೆಬ್ಬೆರಳು ಮತ್ತು ತೋರುಬೆರಳನ್ನು ಹುರಿಯ ಎರಡು ಪಕ್ಕಗಳಲ್ಲಿ, ಹುರಿಗಿಂತ ತುಸು ಮುಂದಕ್ಕೆ ಇಟ್ಟು ಮೆಲ್ಲನೆ ಹಿಚುಕುತ್ತಾರೆ. ಅಲ್ಲಿ ನೋವು ಹೊಮ್ಮಿದರೆ ಒಳಗಿನ ಬರ್ಸಾದ ಮೇಲೆ ಅನುಮಾನ. ಹುರಿಯ ಹಿಂಬದಿಯ ಚರ್ಮವನ್ನು ಮುಟ್ಟಿದರೇ ನೋವು ಎಂದರೆ ಹೊರಗಿನದು. ಜಾಣ ವೈದ್ಯರು ಕಾಲಿನ ಜೊತೆಗೆ ನೀವು ತೊಟ್ಟು ಬಂದ ಶೂವನ್ನೂ ಕೇಳಿ ತೆಗೆದುಕೊಂಡು ಒಳಗೆ ಬೆರಳಾಡಿಸಿ ನೋಡುತ್ತಾರೆ. ದಿನನಿತ್ಯದ ಶೂ ಬಿಟ್ಟು ಚಪ್ಪಲಿಯಲ್ಲಿ ಹೋದರೆ ಆ ಸಾಕ್ಷಿ ಮನೆಯಲ್ಲೇ ಉಳಿದಂತೆ.

ಎಕ್ಸ್-ರೇಯಲ್ಲಿ ಬರ್ಸಾ ಸ್ಪಷ್ಟವಾಗಿ ಕಾಣದು. ಮೂಳೆಯ ಆಕಾರ, ಹೆಚ್ಚುವರಿ ಬೆಳವಣಿಗೆ, ಬಿರುಕು ಕಾಣುತ್ತವೆ. ದ್ರವ ತುಂಬಿದ ಸಂಚಿಯನ್ನು ನೇರವಾಗಿ ತೋರಿಸುವುದು ಅಲ್ಟ್ರಾಸೌಂಡ್, ಅದು ಅಗ್ಗವೂ ಹೌದು. ಎಂಆರ್‌ಐ ಬೇಕಾಗುವುದು ಚಿಕಿತ್ಸೆಗೆ ಜಗ್ಗದ ಅಥವಾ ಗೊಂದಲದ ಸಂದರ್ಭಗಳಲ್ಲಿ. ಸೋಂಕು ಅಥವಾ ಗೌಟ್ ಇರಬಹುದೆನ್ನಿಸಿದರೆ ಸೂಜಿಯಿಂದ ದ್ರವ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ರಕ್ತದಲ್ಲಿ ಯೂರಿಕ್ ಆಮ್ಲ ಸಹಜ ಮಟ್ಟದಲ್ಲಿದೆ ಎಂದ ಮಾತ್ರಕ್ಕೆ ಗೌಟ್ ಇಲ್ಲವೆಂದು ಹೇಳಲಾಗದು. ನೋವು ಕೆರಳಿದ ದಿನಗಳಲ್ಲೇ ಆ ಅಂಕಿ ಸಹಜವಾಗಿ ಕಾಣಿಸುವುದುಂಟು.

ಚಿಕಿತ್ಸೆ: ಮೊದಲು ಉಜ್ಜುವಿಕೆ ನಿಲ್ಲಬೇಕು

ಮನೆಯಲ್ಲೇ ಮಾಡಬಹುದಾದ ಕೆಲಸ ಇಲ್ಲಿ ಬಹಳವಿದೆ. ಹಿಮ್ಮಡಿಯ ಹಿಂದೆ ನೋವಿದ್ದವರು ಕೆಲವು ವಾರಗಳ ಮಟ್ಟಿಗಾದರೂ ಹಿಂಬದಿ ತೆರೆದ, ಮೆತ್ತನೆಯ ಅಟ್ಟೆಯ ಚಪ್ಪಲಿಗೆ ಬದಲಾಯಿಸಬೇಕು. ಸಮವಸ್ತ್ರದ ಕಾರಣಕ್ಕೆ ಶೂ ತೊಡಲೇಬೇಕಾದವರು ರಸ್ತೆ ಬದಿಯ ಚಪ್ಪಲಿ ರಿಪೇರಿಯವರ ಹತ್ತಿರ ಕೊಂಡೊಯ್ದು, ಉಜ್ಜುವ ಜಾಗವನ್ನು ಸೀಮೆಸುಣ್ಣದಿಂದ ಗುರುತುಮಾಡಿ ತೋರಿಸಿದರೆ, ಅವರು ಆ ಭಾಗದ ಗಟ್ಟಿ ಪದರವನ್ನು ಕತ್ತರಿಸಿ ತೆಗೆದು ಮೆದು ಚರ್ಮ ಹೊಲಿದು ಕೊಡಬಲ್ಲರು. ದುಬಾರಿ ಶೂ ಕೊಳ್ಳುವುದಕ್ಕಿಂತ ಇದು ಎಷ್ಟೋ ಬಾರಿ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಹಿಮ್ಮಡಿಯ ಕೆಳಗೆ ಇಡುವ ಮೆತ್ತೆ. ಅರ್ಧದಿಂದ ಒಂದು ಸೆಂಟಿಮೀಟರ್ ದಪ್ಪದ ರಬ್ಬರ್ ಅಥವಾ ಸಿಲಿಕೋನ್ ಮೆತ್ತೆ ಹಿಮ್ಮಡಿಯನ್ನು ತುಸು ಎತ್ತುವುದರಿಂದ ಹುರಿಯ ಸೆಳೆತ ಸಡಿಲವಾಗುತ್ತದೆ, ಮೂಳೆಯ ಮೂಲೆ ಸಂಚಿಯನ್ನು ಒತ್ತುವುದು ಕಡಿಮೆಯಾಗುತ್ತದೆ, ಶೂವಿನ ಅಂಚೂ ಉಬ್ಬಿನಿಂದ ಕೆಳಗೆ ಸರಿಯುತ್ತದೆ. ನೋಯುವ ಕಾಲಿಗೆ ಮಾತ್ರ ಇಟ್ಟರೆ ನಡಿಗೆ ವಾಲಿ ಸೊಂಟ ನೋಯಬಹುದು. ಎರಡೂ ಕಾಲಿಗೆ ಇಡಬೇಕು.

ವಿಶ್ರಾಂತಿ ಎಂದರೆ ಮಂಚ ಹಿಡಿಯುವುದಲ್ಲ. ಓಟ, ಏರುದಾರಿ, ಹಗ್ಗದಾಟ, ಮೆಟ್ಟಿಲು ಹತ್ತುವ ವ್ಯಾಯಾಮಗಳನ್ನು ನಿಲ್ಲಿಸಿ ಈಜು ಅಥವಾ ಸೈಕಲ್ ಹಿಡಿದರೆ ಹೃದಯಕ್ಕೂ ಸಕ್ಕರೆಗೂ ಬೇಕಾದ ವ್ಯಾಯಾಮ ಸಿಗುತ್ತದೆ, ಹಿಮ್ಮಡಿಗೂ ಬಿಡುವು ಸಿಗುತ್ತದೆ.

ಊದಿ ಬಿಸಿಯಾಗಿರುವ ದಿನಗಳಲ್ಲಿ ಐಸ್ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಡಬಹುದು. ನಮ್ಮಲ್ಲಿ ನೋವೆಂದ ಕೂಡಲೇ ಉಪ್ಪಿನ ಗಂಟು ಕಾಯಿಸಿ ಶಾಖ ಕೊಡುವ, ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವ ರೂಢಿಯಿದೆ. ಬೆನ್ನಿಗೆ, ಮೀನಖಂಡಕ್ಕೆ ಅದು ಹಿತವೆನ್ನಿಸಬಹುದು. ಊದಿದ ಬರ್ಸಾದ ಮಟ್ಟಿಗೆ ಶಾಖವು ಆ ಜಾಗಕ್ಕೆ ರಕ್ತದ ಹರಿವನ್ನು ಹೆಚ್ಚಿಸಿ ಊತವನ್ನು ಏರಿಸುತ್ತದೆ. ತಿಕ್ಕುವುದಂತೂ ಉಜ್ಜಿ ಕೆಟ್ಟದ್ದನ್ನು ಮತ್ತಷ್ಟು ಉಜ್ಜಿದಂತೆ.

ಮಾತ್ರೆ ಮತ್ತು ಚುಚ್ಚುಮದ್ದು

ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್‌ನಂಥ ಔಷಧಗಳು ನೋವನ್ನೂ ಉರಿಯೂತವನ್ನೂ ತಗ್ಗಿಸುತ್ತವೆ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತವೆಂದು ತಿಂಗಳುಗಟ್ಟಲೆ ನುಂಗುವುದು ಅಪಾಯ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹೃದಯದ ಕಾಯಿಲೆ, ಅಧಿಕ ರಕ್ತದೊತ್ತಡ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ಚರ್ಮದಡಿಯಲ್ಲೇ ಇರುವ ಬರ್ಸಾಕ್ಕೆ ಇವುಗಳದೇ ಜೆಲ್ ಹಚ್ಚಿದರೆ ಎಷ್ಟೋ ಜನರಿಗೆ ಸಾಕಾಗುತ್ತದೆ.

ಸ್ಟೀರಾಯ್ಡ್ ಚುಚ್ಚುಮದ್ದಿನ ವಿಷಯದಲ್ಲಿ ಜನರಿಗೆ ಅತಿ ಆಸೆಯೂ ಇದೆ, ಅತಿ ಭಯವೂ ಇದೆ. ಭುಜದಲ್ಲಿ ಅಥವಾ ತೊಡೆಯ ಪಕ್ಕದಲ್ಲಿ ಬರ್ಸಾ ಊದಿದಾಗ ಇದನ್ನು ಸಾಕಷ್ಟು ಬಳಸುತ್ತಾರೆ. ಹಿಮ್ಮಡಿಯಲ್ಲಿ ಮಾತ್ರ ವೈದ್ಯರು ಹಿಂದೆಮುಂದೆ ನೋಡುತ್ತಾರೆ, ಏಕೆಂದರೆ ಔಷಧವು ಪಕ್ಕದ ಅಕಿಲಿಸ್ ಹುರಿಗೆ ಸೇರಿದರೆ ಅದರ ನಾರುಗಳು ದುರ್ಬಲವಾಗಿ ಹರಿಯುವ ಸಂಭವವಿದೆ. ಕೊಡಲೇಬೇಕಾದಾಗ ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯ ತುದಿಯನ್ನು ನೋಡುತ್ತ, ಸಂಚಿಯ ಒಳಗಷ್ಟೇ ಕೊಡುವುದು ಸುರಕ್ಷಿತ ವಿಧಾನ; ನಂತರ ಕೆಲವು ವಾರ ಓಟ, ನೆಗೆತಗಳಿಗೆ ವಿರಾಮ. ಸಕ್ಕರೆ ಕಾಯಿಲೆಯವರಿಗೆ ಚುಚ್ಚಿಸಿಕೊಂಡ ಮೇಲೆ ಕೆಲವು ದಿನ ಸಕ್ಕರೆಯ ಮಟ್ಟ ಏರುತ್ತದೆ ಎಂಬುದನ್ನೂ ನೆನಪಿಡಬೇಕು.

ಇದೇ ಮಾತಿಗೆ ಸೇರಿದ, ಹೆಚ್ಚು ಜನರಿಗೆ ತಿಳಿಯದ ಒಂದು ಸಂಗತಿಯಿದೆ. ಮೂತ್ರದ ಸೋಂಕಿಗೋ ಹೊಟ್ಟೆ ಕೆಟ್ಟಾಗಲೋ ನಾವು ಸಲೀಸಾಗಿ ನುಂಗುವ ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ವರ್ಗದ ಪ್ರತಿಜೀವಕಗಳು ಸ್ನಾಯುರಜ್ಜುಗಳನ್ನು, ಅದರಲ್ಲೂ ಅಕಿಲಿಸ್ ಹುರಿಯನ್ನು ಹಾನಿಗೊಳಿಸಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಈ ಬಗ್ಗೆ ಅತ್ಯಂತ ಕಟ್ಟುನಿಟ್ಟಿನ ದರ್ಜೆಯ ಎಚ್ಚರಿಕೆಯನ್ನು ಔಷಧದ ವಿವರಪತ್ರದಲ್ಲಿ ಮುದ್ರಿಸುವಂತೆ ಮಾಡಿತು. 60 ದಾಟಿದವರಲ್ಲಿ ಮತ್ತು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಅಪಾಯ ಹೆಚ್ಚು. ಹಿಮ್ಮಡಿ ನೋವು ಇರುವಾಗ ಬೇರೆ ಕಾಯಿಲೆಗೆ ವೈದ್ಯರನ್ನು ಕಂಡರೂ ಈ ನೋವಿನ ವಿಷಯ ಹೇಳಬೇಕಾದದ್ದು ಇದಕ್ಕಾಗಿ.

ವ್ಯಾಯಾಮದಲ್ಲಿ ಒಂದು ಎಚ್ಚರ

ಹಿಮ್ಮಡಿ ನೋವು ಎಂದು ಹುಡುಕಿದರೆ ಮೊಬೈಲಿನಲ್ಲಿ ಮೊದಲು ಸಿಗುವ ವಿಡಿಯೋಗಳಲ್ಲಿ ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಂತು ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸುವ ವ್ಯಾಯಾಮ ಇದ್ದೇ ಇರುತ್ತದೆ. ಸ್ವೀಡನ್ನಿನ ಹಾಕನ್ ಆಲ್ಫ್ರೆಡ್ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಈ ಕ್ರಮದಲ್ಲಿ ದಿನಕ್ಕೆ 180 ಬಾರಿಯಂತೆ 12 ವಾರ ಮಾಡಬೇಕು. ಹುರಿಯ ನಡುಭಾಗದ ನೋವಿಗೆ ಅದು ಒಳ್ಳೆಯ ಫಲ ಕೊಟ್ಟಿದೆ. ಆದರೆ ಹಿಮ್ಮಡಿಯನ್ನು ಕೆಳಕ್ಕೆ ಇಳಿಸಿದಾಗ ಪಾದ ಮೇಲಕ್ಕೆ ಮಡಚುತ್ತದೆ, ಮಡಚಿದಾಗ ಮೂಳೆಯ ಮೂಲೆ ಬರ್ಸಾವನ್ನು ಒತ್ತುತ್ತದೆ ಎಂದು ಮೇಲೆ ನೋಡಿದೆವು. ಎಂದರೆ ಒಂದು ನೋವಿಗೆ ಮದ್ದಾದದ್ದು ಎರಡು ಬೆರಳು ಕೆಳಗಿನ ಇನ್ನೊಂದು ನೋವನ್ನು ಕೆರಳಿಸಬಲ್ಲದು. ಬರ್ಸಾದ ನೋವು ಇರುವವರು ಈ ವ್ಯಾಯಾಮವನ್ನು ಸಮನೆಲದ ಮೇಲೆ ನಿಂತು, ಹಿಮ್ಮಡಿಯನ್ನು ನೆಲದ ಮಟ್ಟಕ್ಕಷ್ಟೇ ಇಳಿಸಿ, ಊತ ಕಡಿಮೆಯಾದ ಮೇಲೆ ಆರಂಭಿಸುವುದು ಸೂಕ್ತ. ಮೀನಖಂಡವನ್ನು ಬಲವಾಗಿ ಎಳೆಯುವ ವ್ಯಾಯಾಮಗಳಿಗೂ ಇದೇ ಮಾತು. ಫಿಸಿಯೊಥೆರಪಿಸ್ಟ್ ಒಬ್ಬರ ಎದುರು ಒಮ್ಮೆ ಮಾಡಿ ತೋರಿಸಿ, ತಿದ್ದಿಸಿಕೊಂಡು ಬಂದರೆ ಮುಂದಿನದು ಮನೆಯಲ್ಲೇ ಆಗುತ್ತದೆ.

ಕಾಯಬಾರದ ಸಂದರ್ಭಗಳು

ಊತದ ಮೇಲಿನ ಚರ್ಮ ಕೆಂಪಾಗಿ ಹೊಳೆಯುತ್ತಿದ್ದರೆ, ಬಿಸಿ ದಿನೇ ದಿನೇ ಏರುತ್ತಿದ್ದರೆ, ಕೆಂಪು ಮೇಲಕ್ಕೆ ಹಬ್ಬುತ್ತಿದ್ದರೆ, ಜ್ವರ ಅಥವಾ ಚಳಿ ಬಂದರೆ ಬರ್ಸಾದೊಳಗೆ ಸೋಂಕು ಸೇರಿರಬಹುದು. ಬಹುತೇಕ ಸಂದರ್ಭಗಳಲ್ಲಿ ಇದಕ್ಕೆ ಕಾರಣ ಚರ್ಮದ ಮೇಲೆಯೇ ವಾಸಿಸುವ ಸ್ಟಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಹಿಮ್ಮಡಿಯ ಬಿರುಕು, ಮುಳ್ಳು ಚುಚ್ಚಿದ ಗಾಯ, ಒಡೆದ ಗುಳ್ಳೆ ಅದಕ್ಕೆ ಬಾಗಿಲು. ಚಿಕಿತ್ಸೆ ಪ್ರತಿಜೀವಕಗಳಿಂದ, ಕೆಲವೊಮ್ಮೆ ಕೀವನ್ನು ಹೊರತೆಗೆಯುವುದರಿಂದ. ಸೂಜಿಯನ್ನು ದೀಪದಲ್ಲಿ ಸುಟ್ಟು ಮನೆಯಲ್ಲೇ ಚುಚ್ಚುವವರು ಸೋಂಕಿಲ್ಲದ ಸಂಚಿಗೂ ಸೋಂಕನ್ನು ತುಂಬಿಬಿಡುತ್ತಾರೆ.

ಸಕ್ಕರೆ ಕಾಯಿಲೆಯವರ ಲೆಕ್ಕವೇ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆಯಿದೆ. ಅವರಲ್ಲಿ ಹಲವರ ಪಾದದ ನರಗಳು ಮಂದವಾಗಿ ನೋವೇ ತಿಳಿಯುವುದಿಲ್ಲ. ಒತ್ತಡ ಬೀಳುವ ಜಾಗದಲ್ಲಿ ಜಡ್ಡು, ಅದರ ಕೆಳಗೆ ಸಂಚಿ, ಸಂಚಿ ಒಡೆದು ಹುಣ್ಣು ಎಂಬ ಹಂತಗಳು ಸದ್ದಿಲ್ಲದೆ ನಡೆದುಹೋಗುತ್ತವೆ. ಇವರಿಗೆ ಐಸ್ ಇಡುವುದೂ ಸಲ್ಲದು, ಚರ್ಮ ಮರಗಟ್ಟಿದರೂ ತಿಳಿಯದು. ರಾತ್ರಿ ಮಲಗುವ ಮುನ್ನ ಕನ್ನಡಿ ಹಿಡಿದು ಅಂಗಾಲನ್ನೂ ಹಿಮ್ಮಡಿಯನ್ನೂ ನೋಡಿಕೊಳ್ಳುವ, ಶೂ ಹಾಕುವ ಮುನ್ನ ಒಳಗೆ ಕೈಯಾಡಿಸುವ ಅಭ್ಯಾಸ ಇವರಿಗೆ ಮಾತ್ರೆಯಷ್ಟೇ ಮುಖ್ಯ.

ಗುಣವಾಗಲು ಎಷ್ಟು ದಿನ?

ಕಾರಣವನ್ನು ಬೇಗ ತೆಗೆದುಹಾಕಿದ ಹೊಸ ಬರ್ಸೈಟಿಸ್ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ತಿಂಗಳುಗಟ್ಟಲೆ ಸಹಿಸಿಕೊಂಡು, ಪೊರೆ ದಪ್ಪಗಟ್ಟಿದ ಮೇಲೆ ಚಿಕಿತ್ಸೆ ಆರಂಭಿಸಿದರೆ ಗುಣವಾಗಲೂ ತಿಂಗಳುಗಳೇ ಹಿಡಿಯುತ್ತವೆ. ಶಸ್ತ್ರಚಿಕಿತ್ಸೆಯ ಮಾತು ಬರುವುದು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಇವೆಲ್ಲವನ್ನೂ ಮಾಡಿಯೂ ನೋವು ಉಳಿದಾಗ ಮಾತ್ರ. ಊದಿದ ಬರ್ಸಾವನ್ನು ತೆಗೆದು, ಚಾಚಿದ ಮೂಳೆಯ ಮೂಲೆಯನ್ನು ಕೆತ್ತಿ ನಯಮಾಡುತ್ತಾರೆ. ಚರ್ಮವನ್ನು ಉದ್ದಕ್ಕೆ ಕೊಯ್ದು ಅಥವಾ ಪುಟ್ಟ ರಂಧ್ರಗಳ ಮೂಲಕ ಕ್ಯಾಮೆರಾ ಇರುವ ತೆಳು ಕೊಳವೆ (ಎಂಡೊಸ್ಕೋಪ್) ಇಳಿಸಿ ಇದನ್ನು ಮಾಡಬಹುದು. ಮತ್ತೆ ಓಟಕ್ಕಿಳಿಯಲು ಹಲವು ತಿಂಗಳು ಬೇಕು.

ಹೊಸ ಪಾದರಕ್ಷೆಯನ್ನು ಸಂಜೆಯ ಹೊತ್ತಿಗೆ ಕೊಳ್ಳುವುದು ಲೇಸು, ಏಕೆಂದರೆ ದಿನದ ಓಡಾಟದಿಂದ ಪಾದ ಆಗ ತುಸು ದಪ್ಪಗಾಗಿರುತ್ತದೆ. ಅಂಗಡಿಯವರು ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸಾರ್’ ಎನ್ನುತ್ತಾರೆ. ಮುಂಭಾಗದ ಚರ್ಮ ಸಡಿಲವಾಗುವುದು ನಿಜ, ಹಿಂಬದಿಯೊಳಗಿನ ಗಟ್ಟಿ ತುಂಡು ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ. ದುಡ್ಡು ಕೊಡುವ ಮುನ್ನ ಶೂವಿನ ಒಳಗೆ ಹೆಬ್ಬೆರಳನ್ನಿಟ್ಟು ಹಿಂಬದಿಯ ಮೇಲಂಚನ್ನು ಉದ್ದಕ್ಕೂ ಒತ್ತಿಕೊಂಡು ಹೋಗಿ. ಹೊಲಿಗೆಯ ಗಂಟು ಬೆರಳಿಗೆ ತಾಗಿದರೆ ಅದು ಹಿಮ್ಮಡಿಗೂ ತಾಗುತ್ತದೆ.